ಓದುಗರ ಪ್ರಶ್ನೆಗಳು: ಓತಿಕ್ಯಾತದ ಬಿಸಿಲು, ಮೊಸಳೆಯ ಬಾಯಿ, ರಾಗಿ ಅರಿಯ ಅಡಿಯ ಹಾವು

ಪ್ರಶ್ನೆ: ಬೆಳಿಗ್ಗೆ ಬೆಟ್ಟದ ಬಂಡೆಗಳ ಮೇಲೆ ಓತಿಕ್ಯಾತಗಳು ಅಂಟಿಸಿಟ್ಟಂತೆ ಮಲಗಿರುತ್ತವೆ. ಮಧ್ಯಾಹ್ನ ಹೋದರೆ ಒಂದೂ ಕಾಣುವುದಿಲ್ಲ. ತಣ್ಣನೆ ರಕ್ತದ ಪ್ರಾಣಿಗೆ ಬಿಸಿಲು ಹೆಚ್ಚಿದಷ್ಟೂ ಒಳ್ಳೆಯದಲ್ಲವೇ? (ರಾಮನಗರ)

ಉತ್ತರ: ‘ಶೀತರಕ್ತ’ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ, ಅರ್ಧ ಗೊಂದಲ ಅದರಿಂದಲೇ. ಚೆನ್ನಾಗಿ ಬಿಸಿಲು ಕಾಯಿಸಿಕೊಂಡ ಓತಿಕ್ಯಾತದ ರಕ್ತ ನಮ್ಮ ರಕ್ತದಷ್ಟೇ, ಅಂದರೆ 36–37 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ನಾವು ತಿಂದ ಅನ್ನ ಉರಿದು ನಮ್ಮ ಮೈ ಬಿಸಿಯಾಗುತ್ತದೆ, ಅದು ಸೂರ್ಯನಿಂದ ಮತ್ತು ಕಾದ ಕಲ್ಲಿನಿಂದ ಬಿಸಿ ಪಡೆಯುತ್ತದೆ. ಹಾಗಾಗಿ ಅಷ್ಟೇ ತೂಕದ ಇಲಿ ತಿನ್ನುವುದರಲ್ಲಿ ಹತ್ತನೇ ಒಂದು ಪಾಲು ಸಿಕ್ಕಿದರೂ ಅದಕ್ಕೆ ಸಾಕು.

ದೂರ ಕುಳಿತು ಅರ್ಧ ಗಂಟೆ ಒಂದನ್ನೇ ನೋಡಿ. ಬಿರುಕಿನಿಂದ ಹೊರಬಂದಾಗ ಮೈ ಮಂಕಾಗಿ, ಕಪ್ಪಗಿರುತ್ತದೆ. ಕಪ್ಪು ಮೈ ಬೇಗ ಕಾಯುತ್ತದೆ. ಪಕ್ಕೆಲುಬು ಅಗಲಿಸಿ ಚಪ್ಪಟೆಯಾಗಿ, ಬಿಸಿಲಿಗೆ ಅಡ್ಡಲಾಗಿ ಮಲಗಿ, ಹೊಟ್ಟೆಯನ್ನು ಕಲ್ಲಿಗೆ ಒತ್ತಿಕೊಳ್ಳುತ್ತದೆ. ಮೈ ಕಾದ ಮೇಲೆ ಮುಂಗಾಲು ನೆಟ್ಟು ಎದೆ, ಹೊಟ್ಟೆ ಎತ್ತಿ, ಸೂರ್ಯನತ್ತ ಮುಖ ತಿರುಗಿಸುತ್ತದೆ. ಆಗ ಬಿಸಿಲು ಬೀಳುವ ಜಾಗ ಕಡಿಮೆಯಾಗುತ್ತದೆ. ಅದಕ್ಕೆ ಬೆವರುವ ಗ್ರಂಥಿಗಳಿಲ್ಲ. ಬೇಸಿಗೆಯ ಬಂಡೆ ನಡುಹಗಲಲ್ಲಿ 50 ಡಿಗ್ರಿ ದಾಟುವುದುಂಟು, ಆದರೆ ಓತಿಕ್ಯಾತದ ಮೈ 45ರ ಹತ್ತಿರ ಹೋದರೂ ಜೀವಕ್ಕೆ ಅಪಾಯ. ಆದ್ದರಿಂದ ನೀವು ಹೋದ ಹೊತ್ತಿಗೆ ಅದು ಬಿರುಕಿನೊಳಗೆ ಸೇರಿರುತ್ತದೆ. (ಗಂಡಿನ ಬೆನ್ನಿನ ಕೆಂಪು ಬೇರೆ ವಿಷಯ. ಅದು ಹೆಣ್ಣಿಗೆ ತೋರಿಸುವ ಬಣ್ಣ.)

ಪ್ರಶ್ನೆ: ರಂಗನತಿಟ್ಟಿನಲ್ಲಿ ಮೊಸಳೆ ಬಾಯಿ ತೆರೆದುಕೊಂಡೇ ಮಲಗಿತ್ತು. ದೋಣಿ ನೋಡಿ ಸಿಟ್ಟಾಗಿತ್ತೇ? (ಮೈಸೂರು)

ಉತ್ತರ: ಸಿಟ್ಟಲ್ಲ. ಬಾಯೊಳಗಿನ ತೇವ ಆರುವಾಗ ತಲೆ ತಂಪಾಗುತ್ತದೆ, ಉಳಿದ ಮೈ ಕಾಯುತ್ತಲೇ ಇರುತ್ತದೆ. ಮಳೆಯಲ್ಲೂ ರಾತ್ರಿಯಲ್ಲೂ ಬಾಯಿ ತೆರೆಯುವುದುಂಟು, ಹಾಗಾಗಿ ತಂಪೊಂದೇ ಕಾರಣವಲ್ಲ. ಬಿಸಿಲಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ಹೃದಯ ಬೇಗ ಬಡಿಯುತ್ತದೆ. ನೀರಿಗಿಳಿದಾಗ ನಾಳಗಳು ಕುಗ್ಗಿ ಬಡಿತ ನಿಧಾನವಾಗುತ್ತದೆ, ಗಳಿಸಿದ ಬಿಸಿ ಬೇಗ ಸೋರುವುದಿಲ್ಲ. ಮರಿ ಗಂಡೋ ಹೆಣ್ಣೋ ಎಂಬುದನ್ನೂ ಗೂಡಿನ ಬಿಸಿಯೇ ತೀರ್ಮಾನಿಸುತ್ತದೆ: ನಮ್ಮ ನದಿಗಳ ಈ ಮೊಸಳೆಯಲ್ಲಿ 31 ಡಿಗ್ರಿಯವರೆಗೆ ಹೆಣ್ಣು, 32.5ರ ಸುಮಾರಿಗೆ ಗಂಡು.

ಪ್ರಶ್ನೆ: ತಾನೇ ಬಿಸಿ ಹುಟ್ಟಿಸುವ ಹಾವು ಇದೆಯೇ? (ಶಿರಸಿ)

ಉತ್ತರ: ಇದೆ. ತಾಯಿ ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು ಮಲಗುತ್ತದೆ. ಹೊರಗೆ ಚಳಿಯಾದರೆ ಸ್ನಾಯುಗಳನ್ನು ಅದುರಿಸಿ ಅವುಗಳಿಗೆ ಕಾವು ಕೊಡುತ್ತದೆ.

ಪ್ರಶ್ನೆ: ರಾಗಿ ಕೊಯ್ಲಿನ ಚಳಿಗೆ ಹಾವು ಮಂಕಾಗಿ ಕಚ್ಚುವುದಿಲ್ಲ ಎನ್ನುತ್ತಾರೆ. ನಿಜವೇ? (ತುರುವೇಕೆರೆ)

ಉತ್ತರ: ಖಂಡಿತ ನಂಬಬೇಡಿ. ಮೈ ತಣ್ಣಗಿದ್ದಾಗ ಹಾವಿಗೆ ಓಡಿಹೋಗಲು ಆಗುವುದಿಲ್ಲ, ಅದಕ್ಕೇ ನಿಂತಲ್ಲೇ ಎದುರಿಸುತ್ತದೆ. ಕೊಳಕುಮಂಡಲ ಸಾಮಾನ್ಯವಾಗಿ ರಾತ್ರಿ ತಿರುಗುವ ಹಾವು, ಆದರೆ ಚಳಿಗಾಲದಲ್ಲಿ ಬೆಳಗಿನ ಬಿಸಿಲಿಗೂ ಬರುತ್ತದೆ. ಹೊಲದಲ್ಲಿ ಹಾಕಿದ ಅರಿಯ (ಕೊಯ್ದು ನೆಲದ ಮೇಲೆ ಹಾಕಿದ ರಾಗಿ ಪೈರಿನ ಹಿಡಿಗಳ) ಅಡಿಯಲ್ಲಿ ನೆಲದ ಬಿಸಿ ಉಳಿದಿರುತ್ತದೆ, ಕಾಳಿಗೆ ಬಂದ ಇಲಿಯೂ ಸಿಗುತ್ತದೆ. ಹಾವಿಗೆ ಅಲ್ಲಿಂದ ಏಳಲು ಕಾರಣವೇ ಇಲ್ಲ. ಕಂತೆ ಕಟ್ಟುವ ಮೊದಲು ಪ್ರತಿ ಅರಿಯನ್ನೂ ಉದ್ದ ಕೋಲಿನಿಂದ ಮಗುಚಿ ನೋಡಿ, ಬರಿಗೈ ತೂರಿಸಬೇಡಿ. ಮೊಣಕಾಲು ಮುಟ್ಟುವ ಗಮ್ ಬೂಟು ಹಾಕಿ. ಕುಕ್ಕರ್ ಸೀಟಿಯಂಥ ಬುಸುಗುಟ್ಟುವಿಕೆ ಕೇಳಿದರೆ ಹಿಂದೆ ಸರಿಯಿರಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು ಬೇಡ. ಬಾವು ಏರುವ ಮೊದಲೇ ಉಂಗುರ, ಕಾಲುಂಗುರ, ಬಳೆ ತೆಗೆದು, ಕಚ್ಚಿದ ಅಂಗ ಅಲ್ಲಾಡದಂತೆ ಇರಿಸಿ, 108ಕ್ಕೆ ಕರೆ ಮಾಡಿ ಪ್ರತಿವಿಷ ಸಿಗುವ ಆಸ್ಪತ್ರೆಗೆ ಕರೆದೊಯ್ಯಿರಿ.