ನಾರಾಯಣ, ನಾರಾಯಣನ್ ಮತ್ತು ಅಂಗಡಿ ಬಿಟ್ಟ ಧಣಿಗಳು

"ಕೇರಳದಲ್ಲಿದ್ದುಕೊಂಡು ಕನ್ನಡ ಪೇಪರ್ ಯಾಕೆ ಓದ್ತೀರಿ? ಅಂಗಡಿಯನ್ನು ಮಗನಿಗೆ ಬಿಟ್ಟ ಮೇಲೆ ಆ ಮುದುಕರಿಗೆ ಅಲ್ಲಿ ಹೊತ್ತು ಹೇಗೆ ಹೋಗ್ತದೆ?" ಅಂತ ಕೇಳಿದೆಯಲ್ಲ ಮಾರಾಯ. ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಾವು ಕೇರಳಕ್ಕೆ ಹೋದವರಲ್ಲ, 1956ರ ನವೆಂಬರ್ 1ಕ್ಕೆ ಕೇರಳ ನಮ್ಮಲ್ಲಿಗೆ ಬಂದದ್ದು. ಅದರ ಮುಂಚೆ ನಮ್ಮ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕೆಂದು ಗಡಿ ತಕರಾರು ನೋಡಲಿಕ್ಕೆ ಕೇಂದ್ರ ನೇಮಿಸಿದ ಮಹಾಜನ ಆಯೋಗ ಹೇಳಿತು. ಹೇಳಿದ್ದು ಹೇಳಿದಲ್ಲೇ ಉಳಿಯಿತು.

ಹೊತ್ತು ಹೋಗುವ ವಿಷಯ ದೊಡ್ಡದು. ಜೀನಸು ಅಂಗಡಿಯ ಧಣಿ ಎಪ್ಪತ್ತಾದ ಮೇಲೆ ಗಲ್ಲಾಪೆಟ್ಟಿಗೆಯಿಂದ ಏಳುತ್ತಾರೆ, ಅಷ್ಟೆ. ವಹಿವಾಟನ್ನು ಮಗನ ಹೆಸರಿಗೆ ಮಾಡುವುದೇ ವರ್ಷದ ಕೆಲಸ. ಒಬ್ಬರದೇ ಅಂಗಡಿಯಾದರೆ ಜಿಎಸ್‌ಟಿ ನಂಬರು ಅಪ್ಪನ ಪಾನ್‌ಗೆ ಅಂಟಿಕೊಂಡಿರುತ್ತದೆ, ಮಗನಿಗೆ ದಾಟುವುದಿಲ್ಲ. ಮಗ ಹೊಸ ನೋಂದಣಿ ಮಾಡಿಸಬೇಕು. ಸರಕು ಕೊಳ್ಳುವಾಗ ಕೊಟ್ಟ ತೆರಿಗೆಯಲ್ಲಿ ಉಳಿದ ಜಮೆಯನ್ನು ಐಟಿಸಿ-02 ಫಾರಂನಲ್ಲಿ ದಾಟಿಸಬೇಕು. ಹಳೆಯದು ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಹಾಕಬೇಕು. ಜಮೆ ದಾಟಿಸುವ ಮೊದಲೇ ಹಳೆ ನಂಬರು ರದ್ದು ಮಾಡಿಸಿದರೆ ಆ ದುಡ್ಡಿಗೆ ಎಳ್ಳುನೀರು. ಪಂಚಾಯತು ಲೈಸನ್ಸು, ಆಹಾರ ಪರವಾನಗಿ, ತಕ್ಕಡಿಯ ಮುದ್ರೆ, ಕರೆಂಟು ಬಿಲ್ಲು ಎಲ್ಲ ಇದರ ಬಾಲಕ್ಕೆ.

ಇಷ್ಟು ನಿಮ್ಮ ಊರಲ್ಲೂ ಉಂಟು. ನಮ್ಮಲ್ಲಿ ಮಾತ್ರ ಇರುವ ಗಂಟು ಬೇರೆ, ಅದು ಹೆಸರಿನದ್ದು.

1956ಕ್ಕೆ ಮುಂಚಿನ ದಸ್ತಾವೇಜು ಕನ್ನಡದಲ್ಲಿ: "ನಾರಾಯಣ ಭಟ್ಟ ಯಾನೆ ನಾರಣಣ್ಣ". ವಿಲ್ಲೇಜ್ ಆಫೀಸು ಅಂದರೆ ನಮ್ಮ ಗ್ರಾಮದ ಕಂದಾಯ ಕಚೇರಿ, ಅಲ್ಲಿ ಯಾರ ಹೆಸರಿಗೆ ಎಷ್ಟು ಜಾಗ ಅಂತ ಬರೆದಿಡುವ ತಂಡಪ್ಪೇರ್ ಪುಸ್ತಕದಲ್ಲಿ ಮಲಯಾಳದಲ್ಲಿ ಅವರೇ "ನಾರಾಯಣನ್". ಕೃಷ್ಣ ಕೃಷ್ಣನ್ ಆಗುತ್ತಾನೆ, ಸುಬ್ರಹ್ಮಣ್ಯ ಸುಬ್ರಮಣ್ಯನ್. ಬರೆಯುವವನ ಕೈಗೆ ಆ "ನ್" ತಾನಾಗಿ ಬರುತ್ತದೆ, ದುರುದ್ದೇಶ ಏನಿಲ್ಲ. ಇಂಗ್ಲಿಷಿನಲ್ಲಿ ಇನ್ನೊಂದು ಪಾಡು. ತೆಂಕಲಿನವರು ಶಂಕರನನ್ನು ಬರೀ ಎಸ್ ಹಾಕಿ ಶುರು ಮಾಡುತ್ತಾರೆ, ನಾವು ಎಸ್ ಪಕ್ಕ ಎಚ್ ಹಾಕುತ್ತೇವೆ. ಭಟ್‌ಗೆ ಟಿ ಒಂದೋ ಎರಡೋ? ಇನಿಶಿಯಲ್ ಹೆಸರಿನ ಮುಂದೋ ಹಿಂದೋ? ಊರು ಕೂಡ ಬಿಡಲಿಲ್ಲ. ಮಂಜೇಶ್ವರ ಮಂಜೇಶ್ವರಂ ಆಯಿತು, ಕುಂಬಳೆ ಕುಂಬಳ ಆಯಿತು. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು.

ಹಾಗಾಗಿ ಬಿಡುವಾದ ಧಣಿಗಳ ಬಳಿ ಊರಿನ ಅರ್ಧ ಕಾಗದ ಬಂದು ಬೀಳುತ್ತದೆ. ಎರಡೂ ಲಿಪಿ ಓದಬಲ್ಲವರು, ಅಂಗಡಿ ಸಾಲ ಬರೆಯುವ ಕಡದ ಪುಸ್ತಕದಿಂದ ಯಾರ ಅಪ್ಪ ಯಾರು ಅಂತ ಗೊತ್ತಿದ್ದವರು ಅವರೇ ತಾನೆ. ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಬಿಟ್ಟರೆ ಇಂಗ್ಲಿಷು, ಮಲಯಾಳ ಮಾತಾಡಲಿಕ್ಕೆ ಬರ್ತದೆ, ಓದಲಿಕ್ಕೆ ತಡವರಿಸ್ತಾರೆ.

ಕ್ರಮ ಹೀಗೆ. ಮೊದಲು ಎಲ್ಲ ಕಾಗದವನ್ನು ಹರಡಿ ಹೆಸರು ಎಷ್ಟು ರೂಪದಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆಯುವುದು. ಒಂದನ್ನು ಗೂಟ ಮಾಡಿಕೊಳ್ಳುವುದು, ಶಾಲೆಯ ಸರ್ಟಿಫಿಕೇಟು ಇದ್ದರೆ ಅದೇ ಒಳ್ಳೆಯದು. ನಂತರ ಆಧಾರ್, ಪಾನ್, ಬ್ಯಾಂಕು, ಕೊನೆಗೆ ಜಾಗದ ಕಾಗದ. ಆಧಾರಿನಲ್ಲಿ ಹೆಸರು ತಿದ್ದಲಿಕ್ಕೆ ಆಯುಷ್ಯದಲ್ಲಿ ಎರಡೇ ಅವಕಾಶ. ಕೀಲಿ ಒತ್ತುವ ಹುಡುಗನ ಪಕ್ಕ ನಿಂತು ಅಕ್ಷರ ಅಕ್ಷರ ಹೇಳಿಸದಿದ್ದರೆ ಒಂದು ಅಲ್ಲೇ ಹೋಯಿತು. ಇಂಗ್ಲಿಷು ಸರಿ ಮಾಡಿದರೂ ಕೆಳಗಿನ ಮಲಯಾಳ ಸಾಲನ್ನು ಯಂತ್ರ ತಾನೇ ಬರೆದುಕೊಳ್ಳುತ್ತದೆ, ಅದನ್ನೂ ಓದಿ ನೋಡಬೇಕು. ತಿದ್ದಲಾಗದ ಹಳೆ ದಸ್ತಾವೇಜಿಗೆ ಸರಕಾರಿ ಅರ್ಜಿ ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಿ, ಎರಡೂ ಹೆಸರಿನವ ಒಬ್ಬನೇ ಅಂತ ವಿಲ್ಲೇಜ್ ಆಫೀಸಿನ "ವನ್ ಆಂಡ್ ಸೇಮ್" ಸರ್ಟಿಫಿಕೇಟು ತರುವುದು. ಅರ್ಜಿಯಲ್ಲಿ ಒಂದು ರೂಪ ಬಿಟ್ಟರೂ ಮತ್ತೆ ಮೊದಲಿಂದ.

ವಿಲ್ಲೇಜ್ ಆಫೀಸಿನಲ್ಲಿ "ಆಧಾರಂ ತನ್ನಿ" ಅಂದರೆ ಆಧಾರ್ ಕಾರ್ಡು ಅಲ್ಲ ಮತ್ತೆ, ಮಲಯಾಳದಲ್ಲಿ ಅದು ಜಾಗದ ದಸ್ತಾವೇಜು. ಹೊಸಬರು ಇದರಲ್ಲಿ ಒಂದು ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಹಳೆ ಕಾಗದದ 25 ಸೆಂಟ್ಸ್ ಹೊಸದರಲ್ಲಿ ಮೆಟ್ರಿಕ್ ಅಳತೆಯಲ್ಲಿ 10.12 ಆರ್ ಅಂತ ಇರುತ್ತದೆ (ಒಂದು ಆರ್ ಅಂದರೆ ನೂರು ಚದರ ಮೀಟರ್), ಜಾಗ ಕಡಿಮೆಯಾಯಿತು ಅಂತ ಗಾಬರಿ ಬೀಳುವವರಿಗೆ ಲೆಕ್ಕ ಹೇಳುವುದೂ ಧಣಿಗಳೇ.

"ಮಂಗಳೂರಿಗೆ ಬಂದುಬಿಡಿ, ಐವತ್ತು ಕಿಲೋಮೀಟರ್ ತಾನೆ" ಅಂತ ನೀನು ಸುಲಭದಲ್ಲಿ ಹೇಳ್ತೀ. ತೋಟ, ದೈವ, ಅಂಗಡಿಯ ಕಡದ ಪುಸ್ತಕ ಇವನ್ನೆಲ್ಲ ಲಾರಿಗೆ ಹೇರಲಿಕ್ಕೆ ಆಗ್ತದಾ? ಕೇರಳದ 1969ರ ಅಧಿಕೃತ ಭಾಷಾ ಕಾನೂನು ಮತ್ತು ಅದರ ತಿದ್ದುಪಡಿಯಂತೆ ನಾವು ಇಲ್ಲಿಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅದಕ್ಕೇ ಧಣಿಗಳು ಅರ್ಜಿಯನ್ನು ಹಟ ಹಿಡಿದು ಕನ್ನಡದಲ್ಲೇ ಬರೆಯುತ್ತಾರೆ, ನಕಲಿನ ಮೇಲೆ ಸೀಲು ಹಾಕಿಸದೆ ಏಳುವುದಿಲ್ಲ. ಉತ್ತರ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಅದನ್ನು ಓದಿ ಹೇಳಲಿಕ್ಕೆ ಜನ ಮರುದಿನ ಪುನಃ ಅವರ ಜಗಲಿಗೇ ಬರುತ್ತಾರೆ.