ಕತ್ತರಿ, ಗೋಂದು ಮತ್ತು ಒಂದು ಒಂಟೆ

ಪ್ರಶ್ನೆ: ಮೇಡಂ, ಹಳೇ ಮ್ಯಾಗಜೀನ್‌ಗಳ ಚಿತ್ರ ಕತ್ತರಿಸಿ ಕನಸಿನಲ್ಲಿ ಕಂಡಂಥ ಒಂದು ಊರಿನ ಕೊಲಾಜ್ ಮಾಡಿದ್ದೇನೆ. ಹಿಮದ ಬೆಟ್ಟ, ಸಮುದ್ರ, ಒಂಟೆ, ಲೋಕಲ್ ರೈಲು, ಮೀನು, ಗಡಿಯಾರ ಎಲ್ಲ ಇದೆ. ಆದರೂ ನೋಡಿದವರು ‘ಮಗುವಿನ ಸ್ಕೂಲ್ ಪ್ರಾಜೆಕ್ಟಾ?’ ಅಂತಾರೆ. ಮಳೆ ಶುರುವಾದ ಮೇಲೆ ಕಾಗದ ಬೇರೆ ಉಬ್ಬಿ ಸುಕ್ಕಾಗಿದೆ. ಏನು ಮಾಡಲಿ?
— ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಪಟ್ಟಿ ಓದುವಾಗಲೇ ರೋಗ ಗೊತ್ತಾಯಿತು. ಎಲ್ಲವೂ ವಿಚಿತ್ರ! ಮೊದಲು ಜನ ನಂಬುವಂಥ ಒಂದು ಜಾಗ ಕಟ್ಟಿ. ಆಮೇಲೆ ಅದರೊಳಗೆ ಒಂದೇ ಒಂದು ಕಿತಾಪತಿ ಮಾಡಿ. ಹಿಮದ ಬೆಟ್ಟಗಳ ನಡುವೆ ಲೋಕಲ್ ರೈಲು, ಬಾಗಿಲಲ್ಲಿ ನೇತಾಡುವ ಜನರ ಸಮೇತ. ಅಷ್ಟು ಸಾಕು. ಒಂಟೆ, ಮೀನು ಮುಂದಿನ ಚಿತ್ರಕ್ಕಿರಲಿ. ಗಡಿಯಾರವನ್ನಂತೂ ಬಿಟ್ಟೇಬಿಡಿ. 1931ರಲ್ಲಿ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ ಕರಗುವ ಗಡಿಯಾರ ಬರೆದ ಮೇಲೆ ಅದು ಎಲ್ಲರ ಕೈಯಲ್ಲೂ ಸವೆದುಹೋಗಿದೆ.

ಆಕಾಶ ನೆಲ ಸೇರುವ ಗೆರೆ ಎಲ್ಲಿ ಅನ್ನೋದನ್ನು ಮೊದಲೇ ಪೆನ್ಸಿಲಿನಲ್ಲಿ ಎಳೆದುಕೊಳ್ಳಿ. ದೂರದ ಬೆಟ್ಟಕ್ಕೆ ಮಾಸಲು ನೀಲಿ ಚೂರು, ಹತ್ತಿರದ್ದಕ್ಕೆ ಗಾಢ ಬಣ್ಣದ್ದು. ಆಮೇಲೆ ನೆರಳು ನೋಡಿ. ಬೆಟ್ಟದ ನೆರಳು ಎಡಕ್ಕಿದ್ದು ರೈಲಿನದ್ದು ಬಲಕ್ಕಿದ್ದರೆ ಕಣ್ಣು ತಕ್ಷಣ ಹಿಡಿಯುತ್ತದೆ, ಕಾರಣ ಹೇಳಲು ಬಾರದಿದ್ದರೂ. ಮೋಡ ಮುಸುಕಿದ ದಿನ ತೆಗೆದ ಫೋಟೋಗಳಲ್ಲಿ ಈ ರಗಳೆ ಕಡಿಮೆ.

ಕಾಗದದ ಜಾತಿಯೂ ಮುಖ್ಯ. ಜರ್ಮನಿಯಲ್ಲಿ ಹುಟ್ಟಿದ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1930ರ ಆಸುಪಾಸಿನಲ್ಲಿ ಮಾಡಿದ ಕೊಲಾಜ್‌ಗಳಲ್ಲಿ ಜೋಡಣೆ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಹತ್ತೊಂಬತ್ತನೇ ಶತಮಾನದ ಪುಸ್ತಕಗಳಲ್ಲಿದ್ದ, ಮರದ ಅಚ್ಚಿನಲ್ಲಿ ಮುದ್ರಿಸಿದ ಕಪ್ಪು ಬಿಳುಪು ಚಿತ್ರಗಳನ್ನೇ ಆತ ಕತ್ತರಿಸಿದ್ದು. ಎಲ್ಲ ಚೂರಿನಲ್ಲೂ ಅದೇ ಥರದ ಗೆರೆ. ನೀವೂ ಅಷ್ಟೇ, ಹೊಳೆಯುವ ಪ್ರವಾಸಿ ಮ್ಯಾಗಜೀನಿನ ಪಕ್ಕ ನ್ಯೂಸ್‌ಪೇಪರ್ ಚೂರು ಅಂಟಿಸಬೇಡಿ. ಅದು ಬೇಗ ಹಳದಿಯಾಗುತ್ತದೆ ಕೂಡ. ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತ್ ಪುಸ್ತಕದವರ ಹತ್ತಿರ, ಇಲ್ಲವೇ ನಿಮ್ಮ ಬೀದಿಯ ರದ್ದಿ ಅಂಗಡಿಯಲ್ಲಿ ಒಂದೇ ಥರದ್ದು ನಾಲ್ಕಾರು ಹುಡುಕಿ. ಅಡುಗೆ ಪುಟ ಬಿಡಬೇಡಿ. ದೋಸೆಯನ್ನು ಹತ್ತಿರದಿಂದ ತೆಗೆದ ಫೋಟೋ ಇದ್ದರೆ ಅದರ ಸುತ್ತುಗೆರೆಗಳ ಒಂದು ಪಟ್ಟಿ ಕತ್ತರಿಸಿ ಅಡ್ಡ ಇಡಿ. ಉತ್ತ ಹೊಲ ರೆಡಿ!

ಕತ್ತರಿಸುವಾಗ ಕತ್ತರಿ ಹಿಡಿದ ಕೈ ಅಲ್ಲಾಡಬಾರದು, ಕಾಗದ ತಿರುಗಬೇಕು. ಕತ್ತರಿಸಿದ ಅಂಚಿನಲ್ಲಿ ಬಿಳಿ ದಾರದಂತೆ ಒಂದು ಗೆರೆ ಕಾಣುತ್ತದಲ್ವಾ? ನಿಮ್ಮ ಚಿತ್ರ ಸ್ಕೂಲ್ ಪ್ರಾಜೆಕ್ಟ್ ಅನ್ನಿಸುವುದಕ್ಕೆ ಅರ್ಧ ಕಾರಣ ಅದೇ. ಅದೇ ಬಣ್ಣದ ಪೆನ್ಸಿಲನ್ನು ಹಿಂಬದಿಯಿಂದ ಅಂಚಿಗೆ ಸವರಿ, ಮಾಯವಾಗುತ್ತದೆ. ಅಂಟಿಸುವ ಮೊದಲು ಎಲ್ಲ ಸುಮ್ನೆ ಜೋಡಿಸಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಫ್ಯಾನ್ ಆಫ್ ಮಾಡಿ!

ಸುಕ್ಕಿನ ವಿಷಯ. ಅಂಟಿನ ನೀರು ಕುಡಿದು ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನೂ ಎಳೆದು ಬಗ್ಗಿಸುತ್ತದೆ. ಫೆವಿಕಾಲಿಗೆ ನೀರು ಬೆರೆಸಬೇಡಿ. ತೆಳು ಪುಟಕ್ಕೆ ಗ್ಲೂ ಸ್ಟಿಕ್ ಸಾಕು. ರಟ್ಟಿನ ಹಿಂಬದಿಗೂ ಒಂದು ಹಾಳೆ ಅಂಟಿಸಿ, ಎರಡೂ ಕಡೆಯ ಎಳೆತ ಸಮವಾಗುತ್ತದೆ. ಮೇಲೆ ಬಟರ್ ಪೇಪರ್ ಹಾಕಿ, ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡಿ. ಮುಂಬೈ ಗೋಡೆಗಳ ತೇವ ನಿಮಗೆ ಗೊತ್ತೇ ಇದೆ.

ಪ್ರಶ್ನೆ: ಮನೆಯಲ್ಲಿರುವ ಕನ್ನಡ ದೀಪಾವಳಿ ವಿಶೇಷಾಂಕಗಳಲ್ಲಿ ಒಳ್ಳೆ ಚಿತ್ರಗಳಿವೆ. ಕತ್ತರಿ ಮುಟ್ಟಿದರೆ ಅತ್ತೆ ಸಿಡಿಮಿಡಿ. ಏನು ಮಾಡೋದು?
— ಓದುಗರು, ಪುಣೆ

ಉತ್ತರ: ನಾನು ಅತ್ತೆಯವರ ಪಾರ್ಟಿ. ಆ ಪುಟದ ಕಲರ್ ಝೆರಾಕ್ಸ್ ಮಾಡಿಸಿ. ಬೇಕಾದಷ್ಟು ದೊಡ್ಡದು ಮಾಡಿಸಬಹುದು, ಎಡಬಲ ತಿರುಗಿಸಿಯೂ ತೆಗೆಸಬಹುದು. ಲೇಸರ್ ಪ್ರಿಂಟೇ ಕೇಳಿ. ಇಂಕ್‌ಜೆಟ್‌ನದ್ದಾದರೆ ಅಂಟಿನ ನೀರಿಗೆ ಬಣ್ಣ ಕದಡುತ್ತದೆ.