ಒಂದೇ ಮಿಷನ್, ಎರಡು ಸಂಬಳ: ಇದರಲ್ಲಿ ಮಾಲೀಕರ ಪಾತ್ರ ಎಷ್ಟು?

ನೀವು ಕೇಳಿರುವುದು ಇಷ್ಟು: "ನಾನೂ ನನ್ನ ಗೆಳೆಯನೂ ಒಂದೇ ಐಟಿಐನಲ್ಲಿ ಒಂದೇ ವರ್ಷ ಫಿಟ್ಟರ್ ಮುಗಿಸಿದೆವು. ಮಾರ್ಕ್ಸ್ ನನಗೇ ಜಾಸ್ತಿ. ಈಗ ಅವನ ಸಂಬಳ ನನ್ನದರ ಎರಡೂವರೆ ಪಟ್ಟು. ಸಂಬಳ ಕೈಕೆಲಸ ನೋಡಿ ಬರುತ್ತದಾ, ಕಂಪನಿ ನೋಡಿ ಬರುತ್ತದಾ?"

ಹೆಚ್ಚಿನ ಪಾಲು ಕಂಪನಿ ನೋಡಿಯೇ ಬರುತ್ತದೆ. ಆ ಕಂಪನಿ ನಿಮ್ಮ ಹೆಸರನ್ನು ಯಾವ ರಿಜಿಸ್ಟರ್‌ನಲ್ಲಿ ಬರೆದುಕೊಂಡಿದೆ ಅನ್ನುವುದನ್ನೂ ನೋಡಿ ಬರುತ್ತದೆ. ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಸಂಬಳದ ಲೆಕ್ಕ ನೋಡಿಕೊಂಡವನು ನಾನು. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ನಮ್ಮಲ್ಲಿ ಒಂದು ಸಿಎನ್‌ಸಿ ಲೇತ್ ಇತ್ತು, ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕಡೆಯುವ ಮಿಷನ್. ಬೆಳಗಿನ ಶಿಫ್ಟಿಗೆ ಅದರ ಮೇಲೆ ಪರ್ಮನೆಂಟ್ ಆಪರೇಟರ್ ಒಬ್ಬರು. ಮಧ್ಯಾಹ್ನದ ಶಿಫ್ಟಿಗೆ ಕಾಂಟ್ರಾಕ್ಟ್ ಹುಡುಗ, ಶಿರಾ ಕಡೆಯವನು. ಅದೇ ಡ್ರಾಯಿಂಗ್, ಅದೇ ಜಾಬ್, ಅದೇ ಟಾರ್ಗೆಟ್. ರಿಜೆಕ್ಷನ್ ಆದರೆ ಇಬ್ಬರಿಗೂ ಅದೇ ಬೈಗುಳ. ಅವರಿಗೆ ಎಲ್ಲಾ ಸೇರಿ 41 ಸಾವಿರ, ಇವನಿಗೆ ಓಟಿ ಸೇರಿ 14 ಸಾವಿರ. ಅವರದು ಕಡುನೀಲಿ ಯೂನಿಫಾರ್ಮ್, ಇವನದು ಬೂದು. ಗೇಟಿನ ವಾಚ್‌ಮನ್‌ಗೆ ದೂರದಿಂದಲೇ ಗೊತ್ತಾಗುತ್ತಿತ್ತು, ಯಾರ ಬ್ಯಾಗ್ ಬಿಚ್ಚಿ ನೋಡಬೇಕು ಅಂತ.

ಆ ಹುಡುಗನ ಹೆಸರು ನಮ್ಮ ಸಂಬಳದ ಶೀಟಿನಲ್ಲೇ ಇರಲಿಲ್ಲ. ಅವನ ಸಂಬಳ ಕಾಂಟ್ರಾಕ್ಟರ್ ಬಿಲ್ಲಿನಲ್ಲಿ ಬರುತ್ತಿತ್ತು, 'ಲೇಬರ್ ಚಾರ್ಜಸ್' ಅಂತ. ಅದರ ಮೇಲೆ ಕಾಂಟ್ರಾಕ್ಟರ್ ಕಮಿಷನ್, ಅದರ ಮೇಲೆ 18% ಜಿಎಸ್‌ಟಿ. ಆ ಬಿಲ್ ಇಡುತ್ತಿದ್ದುದು ಕಟಿಂಗ್ ಆಯಿಲ್, ಕಾಟನ್ ವೇಸ್ಟ್ ಬಿಲ್ಲುಗಳ ಫೈಲಿನಲ್ಲೇ. ತಮಾಷೆ ಅಂದರೆ, ಕಮಿಷನ್ ಎಲ್ಲಾ ಸೇರಿಸಿದರೂ ಮ್ಯಾನೇಜ್‌ಮೆಂಟಿಗೆ ಅದೇ ಅಗ್ಗ.

ಇದಕ್ಕೆ ಕಾನೂನು ಇರಲಿಲ್ಲವಾ? ಇತ್ತು. 1970ರ ಕಾಂಟ್ರಾಕ್ಟ್ ಕಾರ್ಮಿಕರ ಕಾಯಿದೆಯ ಕೆಳಗೆ 1971ರಲ್ಲಿ ಬಂದ ಕೇಂದ್ರ ನಿಯಮಗಳಲ್ಲೇ ಈ ಮಾತಿತ್ತು: ಕಂಪನಿಯ ಸ್ವಂತ ಕಾರ್ಮಿಕ ಮಾಡುವಂಥದೇ ಕೆಲಸವನ್ನು ಕಾಂಟ್ರಾಕ್ಟ್ ಕಾರ್ಮಿಕ ಮಾಡಿದರೆ, ಅವನಿಗೂ ಅದೇ ಸಂಬಳ ಕೊಡಬೇಕು. ಪಂಜಾಬಿನ ತಾತ್ಕಾಲಿಕ ಸರ್ಕಾರಿ ನೌಕರರ ಕೇಸಿನಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸಮಾನ ಕೆಲಸಕ್ಕೆ ಸಮಾನ ವೇತನ ಅಂದಿತು. ಕಾರ್ಖಾನೆಗಳು ಇದನ್ನು ದಾಟುವುದು ಬಹಳ ಸುಲಭ. ಕೆಲಸದ ಹೆಸರು ಬದಲಾಯಿಸಿದರೆ ಆಯಿತು. ಲೇತ್ ಓಡಿಸುವವನನ್ನು ಕಾಗದದಲ್ಲಿ 'ಹೆಲ್ಪರ್' ಅಂತ ಬರೆದರೆ ಅವನದು ಬೇರೆ ಕೆಲಸ, ಬೇರೆ ಸಂಬಳ. ಲೇಬರ್ ಇನ್ಸ್‌ಪೆಕ್ಟರ್ ಬರುತ್ತಾರೆ ಅಂತ ಗೊತ್ತಾದ ಒಂದು ಸಂಜೆ ಆ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತಿದ್ದಿದವನು ನಾನೇ. ಆಪರೇಟರ್ ಇದ್ದ ಕಡೆಯೆಲ್ಲಾ ಹೆಲ್ಪರ್. ಎರಡು ನಿಮಿಷದ ಕೆಲಸ. ಆಗ ತಪ್ಪು ಅಂತಲೂ ಅನಿಸಿರಲಿಲ್ಲ. ಹೇಳಿದ್ದನ್ನು ಮಾಡಿದೆ ಅಷ್ಟೆ.

ಹೆಣ್ಣುಮಕ್ಕಳ ವಿಷಯದಲ್ಲೂ ಇದೇ ಚಾಳಿ. 1976ರಿಂದ ಸಮಾನ ವೇತನದ ಕಾಯಿದೆ ಇದ್ದರೂ ಪ್ಯಾಕಿಂಗ್, ಇನ್ಸ್‌ಪೆಕ್ಷನ್‌ಗಳಲ್ಲಿ ಮೈಕ್ರೋಮೀಟರ್ ಹಿಡಿದು ಅಳತೆ ನೋಡುವ ಹೆಂಗಸರು ನಮ್ಮಲ್ಲಿ ವರ್ಷಗಟ್ಟಲೆ 'ಅನ್‌ಸ್ಕಿಲ್ಡ್' ಆಗಿಯೇ ಉಳಿದರು.

ನಮ್ಮ ಕಾರ್ಖಾನೆ ಒಂದೇ ಹೀಗಿತ್ತು ಅಂದುಕೊಳ್ಳಬೇಡಿ. ದೇಶದ ನೋಂದಾಯಿತ ಕಾರ್ಖಾನೆಗಳ ಸರ್ಕಾರಿ ಸರ್ವೆಯ ಪ್ರಕಾರ, 2000ದ ಹೊತ್ತಿಗೆ ನೂರು ಕಾರ್ಮಿಕರಲ್ಲಿ ಸುಮಾರು 20 ಮಂದಿ ಕಾಂಟ್ರಾಕ್ಟ್‌ನವರಿದ್ದರು. ಈಗ 40 ದಾಟಿದೆ. ಈ ಇಪ್ಪತ್ತೈದು ವರ್ಷದಲ್ಲಿ ಹುಡುಗರ ಕೈಕೆಲಸ ಅರ್ಧಕ್ಕೆ ಇಳಿಯಿತಾ? ಇಲ್ಲವಲ್ಲ. ಹೇಗೆ ಕೆಲಸಕ್ಕೆ ಇಟ್ಟುಕೊಳ್ಳಬೇಕು ಅನ್ನುವುದರಲ್ಲಿ ಮಾಲೀಕರ ಲೆಕ್ಕಾಚಾರ ಬದಲಾಯಿತು.

"ಸಂಬಳ ಸಾಲದಿದ್ದರೆ ಬೇರೆ ಕಡೆ ಹೋಗಲಿ" ಅಂತ ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ. ಅಲ್ಲೇ ಇನ್ನೊಂದು ಆಟ ಇದೆ. ಪ್ರತಿ ವರ್ಷ ಇನ್‌ಕ್ರಿಮೆಂಟ್ ಕಾಲಕ್ಕೆ ನಮ್ಮ ಎಚ್‌ಆರ್ ಮ್ಯಾನೇಜರ್ ಅಕ್ಕಪಕ್ಕದ ನಾಲ್ಕೈದು ಕಂಪನಿಗಳಿಗೆ ಫೋನ್ ಮಾಡುತ್ತಿದ್ದರು. "ಏನ್ ಸಾರ್, ಈ ಸಲ ಎಷ್ಟು ಕೊಡ್ತಿದ್ದೀರಿ?" ಅಂತ. ಇವರು ಅವರಿಗಿಂತ ಜಾಸ್ತಿ ಕೊಡಬಾರದು, ಅವರು ಇವರಿಗಿಂತ ಜಾಸ್ತಿ ಕೊಡಬಾರದು. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ, ಮಗು ಅಲ್ಲೇ ಶಾಲೆಗೆ. ಅಂಥವನು ಸಾವಿರ ರೂಪಾಯಿಗೋಸ್ಕರ ಊರಿನ ಇನ್ನೊಂದು ತುದಿಯ ಬೊಮ್ಮಸಂದ್ರಕ್ಕೆ ಹೋಗುತ್ತಾನಾ? ಅದು ಮಾಲೀಕರಿಗೂ ಗೊತ್ತು.

ಕೆಲಸ ಕೊಡುವವರು ಕೆಲವೇ ಮಂದಿ ಇದ್ದಾಗ ಸಂಬಳವನ್ನು ಅವರೇ ತಗ್ಗಿಸಿ ಇಡಬಹುದು ಅಂತ ಅರ್ಥಶಾಸ್ತ್ರದಲ್ಲೂ ಒಂದು ಸಿದ್ಧಾಂತ ಇದೆ. ಇಂಗ್ಲೆಂಡಿನ ಜೋನ್ ರಾಬಿನ್ಸನ್ ಇದನ್ನು 1933ರಲ್ಲೇ ಬರೆದಿದ್ದರು. ನಮ್ಮ ಪೀಣ್ಯದವರನ್ನೇ ಬೈಯುವುದೂ ಸರಿಯಲ್ಲ ಬಿಡಿ. ಒಬ್ಬರ ಎಂಜಿನಿಯರ್‌ಗಳನ್ನು ಇನ್ನೊಬ್ಬರು ಕರೆದು ಕೆಲಸ ಕೊಡಬಾರದು ಅಂತ ಒಳಗೊಳಗೇ ಮಾತಾಡಿಕೊಂಡಿದ್ದ ಆರೋಪದ ಕೇಸಿನಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ 2015ರಲ್ಲಿ 41.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಅಷ್ಟು ಓದಿದವರ ಸಂಬಳಕ್ಕೇ ಹಾಗೆ ತಡೆ ಹಾಕಬಹುದಾದರೆ ಫಿಟ್ಟರ್ ಪಾಡೇನು?

ಬೆಂಗಳೂರಿನ ಗಾರ್ಮೆಂಟ್ಸ್ ಕಥೆ ಇನ್ನೂ ನೇರ. 2020ರ ಏಪ್ರಿಲ್‌ನಿಂದ ಕನಿಷ್ಠ ವೇತನದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ ಜಾಸ್ತಿ ಆಗಬೇಕಿತ್ತು. ಕೋವಿಡ್ ಕಾಲ ಅಂತ ರಾಜ್ಯ ಸರ್ಕಾರ ಅದನ್ನು ಮುಂದಕ್ಕೆ ಹಾಕಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಹೊತ್ತಿಗೆ ದೊಡ್ಡ ಕಂಪನಿಗಳು ಬಾಕಿ ಕೊಡುವುದಕ್ಕೆ ಒಪ್ಪಿದವು. ಲಕ್ಷಗಟ್ಟಲೆ ಕಾರ್ಮಿಕರು, ಹೆಚ್ಚಿನವರು ಹೆಂಗಸರು. 417 ರೂಪಾಯಿ ಅಂದರೆ ಅವರ ಲೆಕ್ಕದಲ್ಲಿ ಮನೆಗೆ ಹತ್ತು ದಿನದ ಹಾಲು.

ಇಷ್ಟು ಹೇಳಿ ಸಣ್ಣ ಮಾಲೀಕರ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಮಗೆ ಜಾಬ್ ವರ್ಕ್ ಮಾಡಿಕೊಡುತ್ತಿದ್ದ ಒಬ್ಬರು ಎರಡು ಲೇತ್ ಇಟ್ಟುಕೊಂಡು ರಾಜಗೋಪಾಲನಗರದಲ್ಲಿ ಶೆಡ್ ಹಾಕಿದ್ದರು. ಹುಡುಗರಿಗೆ ಕಮ್ಮಿ ಕೊಡುತ್ತಿದ್ದರು, ನಿಜ. ಆದರೆ ಅವರ ರೇಟನ್ನು ಪ್ರತಿ ವರ್ಷ ಕುಯ್ಯುತ್ತಿದ್ದವರು ನಾವು. ನಮ್ಮ ರೇಟನ್ನು ಕುಯ್ಯುತ್ತಿದ್ದುದು ಗಾಡಿ ಮಾಡುವ ದೊಡ್ಡ ಕಂಪನಿ. ಒಂದೇ ಬಿಡಿಭಾಗ ಮೂರು ಗೇಟು ದಾಟಿ ಬರುತ್ತದೆ, ಪ್ರತಿ ಗೇಟಿನ ಒಳಗೂ ಬೇರೆ ಸಂಬಳ. ನಿಮ್ಮ ಗೆಳೆಯ ಬಹುಶಃ ಮೇಲಿನ ಗೇಟಿನಲ್ಲಿದ್ದಾನೆ, ನೀವು ಕೆಳಗಿನದರಲ್ಲಿ. ಅಮೆರಿಕದಲ್ಲಿ 1978ರಿಂದ 2013ರವರೆಗಿನ ಲೆಕ್ಕ ತೆಗೆದು ನೋಡಿದವರಿಗೂ ಹೀಗೇ ಕಂಡಿತು. ಅಲ್ಲಿ ಹೆಚ್ಚಾದ ಸಂಬಳದ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ಒಂದು ಕಂಪನಿಗೂ ಇನ್ನೊಂದು ಕಂಪನಿಗೂ ನಡುವಿನದು. ಉಳಿದ ಒಂದು ಪಾಲು ಮಾತ್ರ ಒಂದೇ ಕಂಪನಿಯೊಳಗಿನದು.

ಮೇಲಿನವರು ಎಷ್ಟು ತೆಗೆದುಕೊಳ್ಳುತ್ತಾರೆ ಅನ್ನುವ ಕುತೂಹಲ ಇದ್ದರೆ, ಷೇರುಪೇಟೆಯಲ್ಲಿರುವ ಯಾವುದೇ ಕಂಪನಿಯ ವಾರ್ಷಿಕ ವರದಿ ತೆಗೆಯಿರಿ. ಪ್ರತಿ ಡೈರೆಕ್ಟರ್ ಸಂಬಳ ಅಲ್ಲಿನ ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಅಂತ 2013ರ ಕಂಪನಿ ಕಾಯಿದೆ ಪ್ರಕಾರ ಹೇಳಲೇಬೇಕು. ಆದರೆ ಆ ಲೆಕ್ಕಕ್ಕೆ ಕಾಂಟ್ರಾಕ್ಟ್‌ನವರು ಸಾಮಾನ್ಯವಾಗಿ ಸೇರುವುದಿಲ್ಲ. ಅವರು ಕಾಟನ್ ವೇಸ್ಟ್ ಫೈಲಿನಲ್ಲಿದ್ದಾರಲ್ಲ.

ಈಗ ನೀವು ಮಾಡಬಹುದಾದದ್ದು. ಪೇ ಸ್ಲಿಪ್‌ನಲ್ಲಿ ಬೇಸಿಕ್ ಎಷ್ಟಿದೆ ನೋಡಿ. ಕಂಪನಿ ತಾನು ಕೊಡಬೇಕಾದ ಪಿಎಫ್, ಗ್ರಾಚ್ಯುಟಿ (ಸಾಮಾನ್ಯವಾಗಿ ಒಬ್ಬರ ಕೆಳಗೆ ಐದು ವರ್ಷ ದುಡಿದವನಿಗೆ ಕೆಲಸ ಬಿಡುವಾಗ ಸಿಗುವ ಹಣ) ಉಳಿಸಲಿಕ್ಕೆ ಬೇಸಿಕ್ ಸಣ್ಣದು ಮಾಡಿ ಉಳಿದದ್ದನ್ನು ಅಲೋಯೆನ್ಸ್ ಅಂತ ಹಂಚುವುದು ಹಳೆಯ ಉಪಾಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಪ್ರಕಾರ ಅಲೋಯೆನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನೂ ವೇತನ ಅಂತಲೇ ಲೆಕ್ಕ ಹಿಡಿಯಬೇಕು. ಆಮೇಲೆ ಪಿಎಫ್ ಪಾಸ್‌ಬುಕ್ ತೆಗೆದು ದುಡ್ಡು ಯಾರ ಹೆಸರಿನಿಂದ ಜಮಾ ಆಗಿದೆ ನೋಡಿ. ಕಂಪನಿ ಹೆಸರು ಇಲ್ಲದೆ ಕಾಂಟ್ರಾಕ್ಟರ್ ಹೆಸರಿದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಕಾಂಟ್ರಾಕ್ಟರ್ ಸಂಬಳ ಕೊಡದೆ ಕೈ ಎತ್ತಿದರೆ ಕೊಡುವ ಹೊಣೆ ಕಂಪನಿಯದು, ಇದು ನೆನಪಿರಲಿ. ಅಲ್ಲಿ ದುಡಿದದ್ದಕ್ಕೆ ಸಾಕ್ಷಿಯಾಗಿ ಗೇಟ್ ಪಾಸ್, ಶಿಫ್ಟ್ ಚಾರ್ಟಿನ ಫೋಟೋ ಇಟ್ಟುಕೊಂಡಿರಿ.

ಆ ಶಿರಾ ಹುಡುಗ ಕೆಲಸ ಬಿಡುವಾಗ ಪಿಎಫ್ ವಿಷಯ ಕೇಳಲು ನನ್ನ ಹತ್ತಿರ ಬಂದಿದ್ದ. ಪಾಸ್‌ಬುಕ್ ತೆಗೆದು ನೋಡಿದೆ. ಆರು ವರ್ಷ ಅದೇ ಲೇತ್ ಓಡಿಸಿದವನಿಗೆ ಮೂರು ಕಾಂಟ್ರಾಕ್ಟರ್‌ಗಳ ಹೆಸರು, ಯಾರ ಕೆಳಗೂ ಐದು ವರ್ಷ ಆಗಿಲ್ಲ. ಗ್ರಾಚ್ಯುಟಿ ಬರುತ್ತದಾ ಅಣ್ಣ ಅಂತ ಕೇಳಿದ. ಕಾಂಟ್ರಾಕ್ಟರ್‌ನ ಕೇಳಪ್ಪ ಅಂದೆ. ಯಾವ ಕಾಂಟ್ರಾಕ್ಟರ್‌ನ ಅಣ್ಣ ಅಂದ.